ಬಲಕ್ಕೆ ತಿರುಗಿದಾಗ ಬರುವ ಸದ್ದು

ಹೆಂಡತಿಗೆ ಮನೆಯ ಬೀಗದ ಕೈ ಕೊಟ್ಟಷ್ಟೇ ಸಲೀಸಾಗಿ ಕಾರಿನ ಕೀಯನ್ನೂ ಕೊಡುವ ಗಂಡಸರಿದ್ದಾರೆಂದು ಕೇಳಿದ್ದೇನೆ. ನಾನು ಆ ಪೈಕಿಯಲ್ಲ. ಪಾಳ್ಯದ ಹತ್ತಿರ ನಮಗೆ ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ ಮತ್ತು ಒಂದು ಹಳೆಯ ಕಾರು ಇದೆ. ಗದ್ದೆಯ ವಿಚಾರ ಮಳೆ ನೋಡಿಕೊಳ್ಳುತ್ತದೆ. ಕಾಫಿ ಯಾವಾಗ ಮಾರಬೇಕೆಂಬುದನ್ನು ನನ್ನ ಹೆಂಡತಿ ಗಿರಿಜೆ ತೀರ್ಮಾನಿಸುತ್ತಾಳೆ. ನನ್ನ ಅಧಿಕಾರವೆಂದು ಉಳಿದಿರುವುದು ಸ್ಟೀರಿಂಗ್ ಒಂದೇ. ಗಿರಿಜೆಗೂ ಲೈಸೆನ್ಸ್ ಇದೆ, ಮದುವೆಯಾದ ಹೊಸದರ ಹುರುಪಿನಲ್ಲಿ ನಾನೇ ಮಾಡಿಸಿಕೊಟ್ಟದ್ದು. ಅದನ್ನು ಅವಳು ಬ್ಯಾಂಕಿನಲ್ಲಿ ಗುರುತಿಗೆ ತೋರಿಸುತ್ತಾಳೆ. ಓಡಿಸುತ್ತೇನೆಂದು ಯಾವಾಗಲಾದರೂ ಅಂದರೆ, "ಘಾಟಿ ರಸ್ತೆ ಕಣೆ, ನಿನ್ ಕೈಲಾಗಲ್ಲ" ಎಂದು ಮಾತು ಮುಗಿಸುತ್ತಿದ್ದೆ. ಅವಳು ಜಗಳಕ್ಕೆ ಬರಲಿಲ್ಲವಾದ್ದರಿಂದ ಒಪ್ಪಿದ್ದಾಳೆಂದೇ ತಿಳಿದಿದ್ದೆ.

ಈ ಸಲ ಮಳೆ ಹಿಂದಾದ ಮೇಲೆ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ಬಲಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ. ನನ್ನ ಕಿವಿಗೆ ಅದು 'ಕಟಕ್' ಎಂದು ಕೇಳಿಸಿತು. ಗಿರಿಜೆ ಮಾತ್ರ, "ಬೆರಳಿನ ನೆಟಿಗೆ ಮುರ್ದಂಗೈತೆ ಕಣ್ರೀ" ಎಂದಳು. ಕಾರಿಗೆಲ್ಲಿಯ ಬೆರಳು ಎಂದು ನಕ್ಕುಬಿಟ್ಟೆ. ಸದ್ದಿನ ಜೊತೆಗೆ ನನ್ನ ಬಲ ಹೆಗಲೂ ನೋಯತೊಡಗಿತ್ತು. ಸ್ಟೀರಿಂಗ್ ಬಿಗಿಯಾಗಿ ನನ್ನ ಹೆಗಲನ್ನು ಹಾಳು ಮಾಡುತ್ತಿದೆ ಎಂಬ ತೀರ್ಮಾನಕ್ಕೆ ನಾನು ಬಂದಾಗಿತ್ತು.

ಅದೇ ಹೊತ್ತಿಗೆ ವನಗೂರಿನಲ್ಲಿರುವ ಗಿರಿಜೆಯ ತಮ್ಮ ಮಲ್ಲೇಶನ ಮನೆ ಗೃಹಪ್ರವೇಶ ಬಂತು. ಸದ್ದಿನ ಸುದ್ದಿ ಅವನಿಗೂ ಮುಟ್ಟಿತ್ತು. "ಆ ಗಾಡೀಲಿ ಘಾಟಿ ಹತ್ತಬ್ಯಾಡಿ ಭಾವ, ನಾನೇ ಜೀಪ್ ಕಳಿಸ್ತೀನಿ" ಎಂದ. ಮಲ್ಲೇಶನ ಜೀಪು ನನಗೆ ಗೊತ್ತು. ಹಿಂದೊಮ್ಮೆ ಅದರಲ್ಲಿ ಗೊಬ್ಬರದ ಮೂಟೆಗಳ ನಡುವೆ ಕೂತು ಹೋಗಿ ಇಳಿದಾಗ, ಯಾರೋ ನನ್ನನ್ನು ಮೂಟೆ ಇಳಿಸಲು ಕರೆದಿದ್ದರು. ಹೆಂಡತಿಯ ತವರಿನಲ್ಲಿ ಆ ಮರ್ಯಾದೆ ಇನ್ನೊಮ್ಮೆ ಬೇಡವಾಗಿತ್ತು. ಗೃಹಪ್ರವೇಶದೊಳಗೆ ಸದ್ದು ಹೋಗಲೇಬೇಕು, ನನ್ನ ಕಾರನ್ನು ನಾನೇ ಓಡಿಸಿಕೊಂಡು ಹೋಗಲೇಬೇಕು ಎಂದು ಹಟ ಹಿಡಿದೆ.

ಆಲೂರಿನ ಮೆಕ್ಯಾನಿಕ್ ಲೋಕೇಶನಿಗೆ ಫೋನ್ ಮಾಡಿದೆ. "ಹೆಂಗ್ ಬತ್ತೈತಣ್ಣ ಸೌಂಡು? ಒಸಿ ಮಾಡಿ ತೋರ್ಸಿ" ಎಂದ. ನಾನಾಗ ಹಾಲಿನ ಡೈರಿಯ ಮುಂದೆ ನಿಂತಿದ್ದೆ. ಸುತ್ತ ಕ್ಯಾನು ಹಿಡಿದ ಜನ. ಅಷ್ಟು ಜನರ ಮುಂದೆ ಫೋನಿಗೆ 'ಕಟಕ್, ಕಟಕ್' ಎಂದೆ. "ಕೇಳಿಸ್ಲಿಲ್ಲ, ಜೋರಾಗ್ ಮಾಡಿ" ಎಂದ. ಜೋರಾಗಿ ಮಾಡಿದೆ. ಅಂದಿನಿಂದ ಡೈರಿಯಲ್ಲಿ ನನ್ನನ್ನು ಕಂಡವರು ಮೊದಲು ಕಾರಿನ ಆರೋಗ್ಯ ವಿಚಾರಿಸಿ, ಆಮೇಲೆ ನನ್ನದನ್ನು ವಿಚಾರಿಸುತ್ತಾರೆ.

ಗ್ಯಾರೇಜಿಗೆ ಒಯ್ದಾಗ ಲೋಕೇಶ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು, "ಏನೂ ಇಲ್ವಲ್ಲಣ್ಣ" ಎಂದ. ನಾನು ಪಕ್ಕದಲ್ಲಿ ನಿಂತು ಮತ್ತೆ ಬಾಯಲ್ಲಿ ಮಾಡಿ ತೋರಿಸಿದೆ. ಅವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಚಕ್ರ ಬಿಚ್ಚಿದ, ಸವೆದ ಬುಷ್ ಒಂದನ್ನು ಬದಲಿಸಿದ, ಸಿಕ್ಕಲ್ಲೆಲ್ಲ ಗ್ರೀಸ್ ತುಂಬಿದ. ಅವನು ಓಡಿಸಿದರೆ ಕಾರು ಮೌನವ್ರತ. ನಾನು ಮನೆಯ ದಾರಿಗೆ ಬಲಕ್ಕೆ ತಿರುಗಿಸಿದೆನೋ ಇಲ್ಲವೋ, ಕಟಕ್. ಹೀಗೆ ಹೋಗಿ ಬರುವುದೇ ಆಯಿತು. ಅವನಿಗೆ ನನ್ನ ಡ್ರೈವಿಂಗ್ ಮೇಲೆ ಅನುಮಾನ, ನನಗೆ ಅವನ ಕಿವಿಯ ಮೇಲೆ.

ಕೊನೆಗೆ ಗಿರಿಜೆಯೂ ಜೊತೆಗೆ ಬಂದಳು. ನಾನು ಸ್ಟೀರಿಂಗ್ ಹಿಡಿದೆ, ಲೋಕೇಶ ಪಕ್ಕದಲ್ಲಿ ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟು ಕೂತ. ಇಂಜಿನ್ ಆಫ್ ಮಾಡಿ ಬಲಕ್ಕೆ ತಿರುಗಿಸಿದೆ. ಕಟಕ್. "ಅಗೋ, ಕೇಳಿಸ್ತಾ?" ಎಂದೆ ಗೆದ್ದವನಂತೆ. ಹಿಂದಿನ ಸೀಟಿನಿಂದ ಗಿರಿಜೆ, "ರೀ, ಸ್ಟೀರಿಂಗ್ ಬುಟ್ಬುಟ್ಟು ಬರೀ ಕೈ ತಿರುಗ್ಸಿ" ಎಂದಳು. ಗಾಳಿಯಲ್ಲಿ ಕೈ ತಿರುಗಿಸಿದೆ. ಕಟಕ್.

ಲೋಕೇಶ ಡ್ಯಾಶ್‌ಬೋರ್ಡಿನಿಂದ ಕಿವಿ ತೆಗೆದು ನನ್ನ ಹೆಗಲ ಹತ್ತಿರ ತಂದು, ಇನ್ನೊಮ್ಮೆ ತಿರುಗಿಸಿ ಎಂದು ಸನ್ನೆ ಮಾಡಿದ. ಆಮೇಲೆ ಗಂಭೀರವಾಗಿ, "ಇದುಕ್ಕೆ ನಂತಾವ ಪಾರ್ಟ್ಸ್ ಇಲ್ಲ ಕಣಣ್ಣ" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಕಲೇಶಪುರದ ಡಾಕ್ಟರು ಹೆಗಲನ್ನು ಒತ್ತಿ ನೋಡಿ, ಗುಣವಾಗುವವರೆಗೆ ಸ್ಟೀರಿಂಗ್ ಮುಟ್ಟಕೂಡದು ಎಂದರು.

ಇನ್ನು ಮೂಟೆಗಳ ನಡುವೆಯೇ ಗತಿ ಎಂದು, "ಮಲ್ಲೇಶಂಗೆ ಜೀಪ್ ಕಳ್ಸಕ್ಕೆ ಹೇಳು" ಎಂದೆ. "ಯಾಕೆ? ಕಾರಿಗೇನಾಗೈತೆ? ಲೋಕೇಶ ನೋಡವ್ನಲ್ಲ" ಎಂದಳು ಗಿರಿಜೆ. ಬ್ಯಾಂಕಿಗೆ ಹೋಗುವ ಪರ್ಸಿನಿಂದ ಲೈಸೆನ್ಸ್ ತೆಗೆದಳು. ವನಗೂರಿನ ಕಡೆಯ ತಿರುವುಗಳಲ್ಲಿ ಅವಳು ಬಲಕ್ಕೆ ಎಳೆದ ಪರಿ ನೋಡಿ ನಾನು ಸೀಟು ಹಿಡಿದುಕೊಂಡಿದ್ದ ಕೈ ಸಡಿಲವಾಯಿತು. ಎಲ್ಲಿ ಕಲಿತೆ ಎಂದು ಕೇಳಿದೆ. "ನೀವು ಬೈಕಲ್ಲಿ ಸಂತೆಗೆ ಹೋದಾಗೆಲ್ಲ ಕಾಫಿ ಕಣದಲ್ಲಿ ಸುತ್ತು ಹಾಕ್ತಿದ್ದೆ. ಅಲ್ಲಿ ಬರೀ ಬಲಕ್ಕೇ ತಿರುಗ್ಬೇಕು" ಎಂದಳು. ಕಣದಲ್ಲಿ ಟೈರಿನ ಗುರುತು ಕಂಡಾಗಲೆಲ್ಲ ನಾನು ಕಾಫಿ ಸಾಗಿಸುವ ಪಿಕಪ್‌ನವನನ್ನು ಬೈದದ್ದು ನೆನಪಾಯಿತು.

ಮಲ್ಲೇಶ ಬಾಗಿಲಲ್ಲೇ, "ಸೌಂಡ್ ಹೋಯ್ತಾ ಅಕ್ಕ?" ಎಂದು ಕೇಳಿದ. "ಕಾರಿಂದು ಹೋಯ್ತು. ಎಡಗಡೆ ಸೀಟಿಂದು ಒಂದೈತೆ, ದಾರಿಯುದ್ದಕ್ಕೂ ನಿಧಾನ ನಿಧಾನ ಅಂತಿತ್ತು" ಎಂದಳು. ನೆಂಟರೆಲ್ಲ ನಕ್ಕರು. ಅಂದು ಯಾರೂ ನನ್ನನ್ನು ಮೂಟೆ ಇಳಿಸಲು ಕರೆಯಲಿಲ್ಲ ಎಂಬುದಷ್ಟೇ ಸಮಾಧಾನ.

ಈಗ ಹೆಗಲು ವಾಸಿಯಾಗಿದೆ. ಆದರೆ ಎಡಗಡೆ ಸೀಟಿನ ಸುಖ ಹತ್ತಿಬಿಟ್ಟಿದೆ. ತೂಕಡಿಸಬಹುದು, ಕಡಲೆಕಾಯಿ ತಿನ್ನಬಹುದು, ಇಷ್ಟು ವರ್ಷ ರಸ್ತೆ ಬಿಟ್ಟು ಬೇರೇನೂ ನೋಡದಿದ್ದವನು ಗುಡ್ಡಗಳನ್ನು ಕಣ್ತುಂಬ ನೋಡಬಹುದು. ಮೊನ್ನೆ ಹಾಸನಕ್ಕೆ ಹೊರಟಾಗ ಗಿರಿಜೆ ಕೀಯನ್ನು ನನ್ನ ಮುಂದೆ ಹಿಡಿದು, "ಎಲ್ಲಿ, ಒಂದ್ಸಲ ಕೈ ತಿರುಗ್ಸಿ ನೋಡಣ" ಎಂದಳು. ತಿರುಗಿಸಿದೆ. ಹೆಗಲಿನಿಂದ ಏನೂ ಬರಲಿಲ್ಲ. ಲೋಕೇಶನ ಮುಂದೆ ಮಾಡಿ ಮಾಡಿ ರೂಢಿಯಾಗಿತ್ತಲ್ಲ, ಮುಖ ಆ ಕಡೆ ತಿರುಗಿಸಿಕೊಂಡು ಬಾಯಲ್ಲೇ ಮೆಲ್ಲಗೆ 'ಕಟಕ್' ಎಂದೆ.