ಖಂಡಿತ ಎನ್ನದ ಮಾವ

ನನ್ನ ಸೋದರಮಾವನ ಬಾಯಿಂದ 'ಖಂಡಿತ' ಎಂಬ ಒಂದು ಪದ ಹೊರಡಿಸುವುದಕ್ಕಿಂತ ಕಲ್ಲಿನಲ್ಲಿ ನಾರು ತೆಗೆಯುವುದು ಸುಲಭ! ಎಪ್ಪತ್ತರ ದಶಕದಲ್ಲಿ ಬಲ್ಮಠದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಈ ಬ್ರಹ್ಮಚಾರಿ ಬಿಜೈಯ ನಮ್ಮ ಮನೆಯಲ್ಲೇ ಇದ್ದರು. ಅವರ ಪ್ರಕಾರ ಎರಡೂ ಎರಡೂ ನಾಲ್ಕು ಎಂಬುದು ಅನಿವಾರ್ಯ ಸತ್ಯ. ಎಂಥ ಲೋಕದಲ್ಲೂ ತಪ್ಪುವುದಿಲ್ಲ. ನಮ್ಮ ಬದುಕಿನದ್ದೆಲ್ಲ ಬರೀ ಆಕಸ್ಮಿಕ ಸತ್ಯ. ಈಗ ಹೀಗಿದೆ, ಬೇರೆ ಥರವೂ ಇರಬಹುದಿತ್ತು. ಇದನ್ನು ತರಗತಿಯಲ್ಲೇ ಹೇಳಿ ಮುಗಿಸಬಾರದೇ? ಮನೆಗೂ ತರುತ್ತಿದ್ದರು.

ಒಮ್ಮೆ ಪಕ್ಕದ ಮನೆಯವರು ಗೇಟಿನಾಚೆಯಿಂದ ಕೇಳಿದರು, "ಅಮ್ಮ ಹುಷಾರಿದ್ದಾರಾ ಮಾಷ್ಟ್ರೇ?"

"ಬದುಕಿದ್ದಾರೆ. ಆದರೆ ಅದು ಅನಿವಾರ್ಯ ಅಲ್ಲ."

ಒಳಗೆ ಗಂಜಿ ಉಣ್ಣುತ್ತಿದ್ದ ಅಜ್ಜಿಗೆ ನೆತ್ತಿಗೇರಿತು! "ನನ್ನನ್ನು ಕೊಲ್ಲಲಿಕ್ಕೆ ಅಷ್ಟು ಅರ್ಜೆಂಟಾ ನಿನಗೆ?" ಎಂದವರು ಮೂರು ದಿನ ಮಗನೊಂದಿಗೆ ಮಾತು ಬಿಟ್ಟರು.

ನಕ್ಕು ಮರೆಯಬಹುದಿತ್ತು, ನನ್ನ ನಿಶ್ಚಿತಾರ್ಥ ಬರದಿದ್ದರೆ. ನಮ್ಮದು ಅಳಿಯಕಟ್ಟಿನ ಮನೆತನ, ವಂಶವೂ ಮನೆಯ ಹಕ್ಕೂ ತಾಯಿಯ ಕಡೆಯಿಂದ. ಅಪ್ಪ ಎಷ್ಟೇ ಓಡಾಡಲಿ, ವೀಳ್ಯ ಹಿಡಿದು ಮಾತು ಕೊಡಬೇಕಾದವನು ಸೋದರಮಾವನೇ. ಕುದ್ರೋಳಿಯ ಹುಡುಗ ನನಗೆ ಬಹಳ ಹಿಡಿಸಿದ್ದ. ಹಿಂದಿನ ದಿನವೇ ಮಾವನ ಕಾಲು ಹಿಡಿದೆ.

"ಒಂದೇ ಒಂದು ಸಲ ಖಂಡಿತ ಅಂತ ಹೇಳಿ ಮಾವ."

"ಹೇಳುವ ಸಾಧ್ಯತೆ ಉಂಟು" ಎಂದರು.

ಮರುದಿನ ಚಾವಡಿಯಲ್ಲಿ ಹುಡುಗನ ಸೋದರಮಾವ ಹರಿವಾಣ ಮುಂದಿಟ್ಟು ಕೇಳಿದರು, "ಹೆಣ್ಣು ನಮ್ಮ ಮನೆಗೆ ಬರುವುದು ಖಂಡಿತವಾ?"

"ಬರುವ ಸಾಧ್ಯತೆ ಉಂಟು. ಬರದೆ ಇರುವ ಸಾಧ್ಯತೆಯೂ ಉಂಟು."

ಅಯ್ಯೋ ದೇವರೇ! ಅಪ್ಪನ ಮುಖ ಬಿಳುಚಿತು. ಅಮ್ಮನ ಕೈಯ ಪಾಯಸದ ಸೌಟು ಟಣ್ಣೆಂದು ಬಿತ್ತು. ಬಂದವರು ಹರಿವಾಣ ಹಿಂದಕ್ಕೆಳೆದು ಎದ್ದೇಬಿಟ್ಟರು.

"ಎಂತ ಮಾರಾಯ್ರೇ ಇದು, ತಮಾಷೆಯಾ? ಖಂಡಿತ ಅಂತ ಹೇಳ್ಲಿಕ್ಕೆ ನಿಮ್ಮ ಹತ್ತಿರ ಒಂದಾದರೂ ಮಾತು ಉಂಟಾ?"

ಮಾವ ಕನ್ನಡಕ ತೆಗೆದು ಒರೆಸಿದರು. ಬಾಗಿಲ ಸಂದಿಯಲ್ಲಿ ಅಳುತ್ತಿದ್ದ ನನ್ನನ್ನು ನೋಡಿದರು.

"ಒಂದುಂಟು. ನಾಳೆ ಎಂತ ಬೇಕಾದರೂ ಆಗಲಿ, ಇವಳಿಗೆ ಈ ಮನೆಯಲ್ಲಿ ಜಾಗ ಉಂಟು. ನಾನಿದ್ದೇನೆ. ಖಂಡಿತ."

ಎದ್ದ ಹಿರಿಯರು ಮೆಲ್ಲನೆ ಕುಳಿತರು. "ಹಾಗಾದರೆ ವೀಳ್ಯ ಕೊಡಿ. ಇಂಥ ಮಾವ ಇರುವವಳನ್ನು ನಾವು ಜಾಗ್ರತೆ ನೋಡಿಕೊಳ್ಬೇಕಾಗ್ತದೆ" ಎಂದರು.

ಮದುವೆ ಆಯಿತು. ಎಷ್ಟೋ ಕಾಲದ ಮೇಲೆ ನನಗೆ ಹೊಳೆಯಿತು: ಮನೆ ಬೀಳಬಹುದು, ಮಾವ ಇಲ್ಲವಾಗಬಹುದು. ಅವರದೇ ತರ್ಕದಲ್ಲಿ ಆ 'ಖಂಡಿತ' ಶುದ್ಧ ತಪ್ಪು. ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದರು! ಅದು ಅವರಿಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಹೇಳಿದರು, ನನಗಾಗಿ.