ಕಾಲ ಬುಡದ ನೆಲ

“ಆಕಾಶದಾಗ ಬ್ರೇಕ್ ಒತ್ತಿದ್ರ, ನಿಂದ್ರೂದು ಯಾತರ ಮ್ಯಾಲ?”

ಗುರುಲಿಂಗಪ್ಪ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಇಂಡಿ ಊರಿನ ರಾಚಪ್ಪ ಸಾವಕಾರರ ಸರಕಿನ ವಖಾರದಲ್ಲಿ ಆ ಮುಂಜಾನೆ ಅವನ ಹೊರತು ಇದ್ದದ್ದು ನಿಂಬೆಕಾಯಿಯ ರಾಶಿಯೊಂದೇ.

ಸಾವಕಾರರ ನಿಂಬೆಕಾಯಿ ಮೊದಲ ಸಲ ಮುಂಬಯಿಯಿಂದ ಮಾಲಿನ ಜೆಟ್ ವಿಮಾನದಲ್ಲಿ ಕಲಕತ್ತೆಗೆ ಹೊರಟಿತ್ತು. ಜೊತೆಗೆ ನೋಡಿಕೊಳ್ಳಲು ಒಬ್ಬ ಹೋಗಬೇಕು. ಹದಿನಾಲ್ಕು ವರ್ಷ ಸಾವಕಾರರ ಜೀಪು ನಡೆಸಿದ ಗುರುಲಿಂಗಪ್ಪನಿಗೇ ಆ ಯೋಗ ಬಂದಿತ್ತು. ಅಂದಿನಿಂದ ಅವನು ಓಣಿಯಲ್ಲಿ ನಡೆಯುವುದನ್ನು ಬಿಟ್ಟು ತೇಲತೊಡಗಿದ್ದ. ಪುಷ್ಪಕ ವಿಮಾನದಲ್ಲಿ ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬನಿಗೆ ಜಾಗ ಇರುತ್ತಿತ್ತೆಂದು ಶ್ರಾವಣದ ಪುರಾಣದಲ್ಲಿ ಶಾಸ್ತ್ರಿಗಳು ಓದಿದಾಗ ಇಡೀ ಮಠ ಅವನ ಕಡೆ ತಿರುಗಿ ನೋಡಿತ್ತು. ಮಗ್ಗುಲ ಮನೆಯ ಸಾವಂತ್ರವ್ವ ಗಂಗಾನೀರು ತರಲು ತಾಮ್ರದ ತಂಬಿಗೆ ಕೊಟ್ಟಿದ್ದಳು. ವಖಾರದಲ್ಲಿ ತೂಕ ಮಾಡುವ ಯಂಕಪ್ಪ ತನ್ನ ಮದುವೆಯ ಕೋಟನ್ನೇ ಕೊಟ್ಟಿದ್ದ. ಇಷ್ಟೆಲ್ಲ ಇಸಕೊಂಡ ಮೇಲೆ ಅಂಜಿಕೆ ಬರುತ್ತದೆ ಎಂದು ಯಾರ ಮುಂದೆ ಹೇಳುವುದು?

ಅವತ್ತು ಆ ವಿಮಾನದ ಪೈಲಟರಿಬ್ಬರೂ ಇಂಡಿಗೆ ಬರುವವರಿದ್ದರು. ಒಬ್ಬ ಬಸಂತರಾಯ, ಸಾವಕಾರರ ತಂಗಿಯ ಮಗ. ಇನ್ನೊಬ್ಬ ಅವನ ಗೆಳೆಯ, ಸೊಲ್ಲಾಪುರದ ಜೋಶಿ. ಮಾಲು ನೋಡಿ, ಊಟ ಮಾಡಿ, ಸಂಜೆಯ ರೈಲಿಗೆ ಗುರುಲಿಂಗಪ್ಪನನ್ನೂ ಕರೆದುಕೊಂಡು ಮುಂಬಯಿಗೆ ಹೊರಡುವ ಲೆಕ್ಕ.

ಅವನು ಸ್ಟೇಷನ್ನಿಗೆ ಜೀಪು ಒಯ್ದ. ಜೀಪು ಎಂದರೆ ಗುಡುಗಿಗೆ ಗಾಲಿ ಹಚ್ಚಿದ ಹಾಗೆ. ಹಿಂದೆ ಕೂತ ಪೈಲಟರು ದಾರಿಯುದ್ದಕ್ಕೂ ವಾದಕ್ಕೆ ಬಿದ್ದರು.

“ಮಂದಿ ಆದ್ರ ಬೆಲ್ಟ್ ಕಟಗೊಂಡು ಕೂಡತಾರ. ನಿಂಬಿಕಾಯಿ ಕೂಡತಾವೇನು?” ಎಂದ ಜೋಶಿ. “ಏರೂ ಮುಂದ ಮಾಲ ಹಿಂದ ಸರದ್ರ ಬಾಲ ಭಾರ ಆಗಿ ಮೂಗ ಏಳತೈತಿ. ಆಮ್ಯಾಲ ಅದು ನಮ್ಮ ಮಾತ ಕೇಳಂಗಿಲ್ಲ.”

“ಬಲಿ ಹಾಕಿ ಬಿಗದಿರತಾರೋ. ಒಂದ ಎಂಜಿನ್ ಸತ್ತರೂ ಉಳದ ಮೂರು ದಂಡಿಗೆ ಒಯ್ತಾವ. ಅದರಷ್ಟು ನಂಬಿಗಸ್ತ ವಿಮಾನ ಇನ್ನೊಂದಿಲ್ಲ,” ಎಂದ ಬಸಂತರಾಯ.

ಜೋಶಿ ಅದೂ ಖರೆ ಎಂದು ಒಪ್ಪಿಕೊಂಡ. ಆದರೆ ಜೀಪಿನ ಗದ್ದಲದಲ್ಲಿ ಗುರುಲಿಂಗಪ್ಪನ ಕಿವಿಗೆ ಬಿದ್ದದ್ದು ನಾಲ್ಕೇ ತುಣುಕು: ಮಾತ ಕೇಳಂಗಿಲ್ಲ, ಬಲಿ, ಸತ್ತರೂ, ಒಯ್ತಾವ. ಬಸಂತರಾಯ ಹೇಳಿದ್ದು ಮೀನುಗಾರ ಬೀಸುವಂಥ ಬಲೆ. ಇವನಿಗೆ ಕೇಳಿದ್ದು ಕುರಿ ಕೊಡುವ ಬಲಿ.

ಮಧ್ಯಾಹ್ನ ಪೈಲಟರು ಸಾವಕಾರರ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಮಜ್ಜಿಗೆಯ ಚರಿಗೆ ಹಿಡಿದು ಬಾಗಿಲ ಮರೆಯಲ್ಲಿ ನಿಂತ.

“ಯಾವ ಕಾಲದ್ದೋ ಅದು?” ಜೋಶಿಯ ದನಿ. “ಲಡಾಯಿ ಮುಗದಾಗ ಮೂಲಿಗೆ ಒಗೀಬೇಕಿತ್ತು. ಎಡಕ್ಕ ಎಳೀತೈತಿ. ಇದ್ದಬದ್ದ ತಗಡೆಲ್ಲ ಬಡಕೋತಾವ. ಕಾಲ ಬುಡಕ ನೆಲಾ ಕಾಣತೈತಿ ಮಾರಾಯಾ.”

“ಇಷ್ಟ ವರ್ಷ ಅದರಾಗ ಯಾರೂ ಸತ್ತಿಲ್ಲ.”

“ಸತ್ತಾಂವ ಬಂದ ಹೇಳತಾನೇನು? ನಾ ಅಂತೂ ಇನ್ನ ಅದರಾಗ ಕಾಲ ಇಡಂಗಿಲ್ಲ.”

ಮುಗಿಲಿನಲ್ಲಿ ಕೂತು ಕಾಲ ಬುಡದಲ್ಲಿ ನೆಲ ನೋಡುವುದನ್ನು ನೆನೆದ ಕೂಡಲೇ ಗುರುಲಿಂಗಪ್ಪನ ಚರಿಗೆ ವಾಲಿ ಅರ್ಧ ಮಜ್ಜಿಗೆ ಅವನ ಧೋತರದ ಪಾಲಾಯಿತು. ನಡೆಸುವವನೇ ಕಾಲಿಡುವುದಿಲ್ಲವಂತೆ!

ಮನೆಗೆ ಓಡಿದ. ಹೆಂಡತಿ ಹೊನ್ನವ್ವ ಕಟಕ ರೊಟ್ಟಿಯ ಗಂಟು ಕಟ್ಟುತ್ತಿದ್ದಳು.

“ನಾ ಹೋಗದಿದ್ರ ಏನಾಗತೈತಿ?” ಎಂದು ಮೆಲ್ಲಗೆ ಕೇಳಿದ.

“ಈ ಐವತ್ತ ರೊಟ್ಟಿ ನಾ ಒಬ್ಬಾಕಿ ತಿನ್ನಬೇಕೇನ್ರಿ? ತವರಮನಿ ತನಕ ಹೇಳಿ ಕಳಿಸೇನಿ. ಸುಮ್ನ ಹೋಗಿ ಬರ್ರಿ.”

ಗೋಡೆಯಾಚೆಯಿಂದ ಸಾವಂತ್ರವ್ವ ದನಿಗೂಡಿಸಿದಳು. “ಗುರುಲಿಂಗಪ್ಪಾ, ನೀರು ದಂಡೀದು ತರಬ್ಯಾಡಪಾ. ನಡುಬರಕ ಇಳದು ತುಂಬು.”

ಮೇಲಿಂದ ಬೀಳುವುದು ಸಾಲದೆಂದು ಇನ್ನು ಮುಳುಗಬೇಕು ಬೇರೆ. ಅಲ್ಲಿಂದ ವಖಾರಕ್ಕೆ ಬಂದು ಯಂಕಪ್ಪನ ಕಿವಿಯಲ್ಲಿ ಎಲ್ಲವನ್ನೂ ಸುರಿದ. ಯಂಕಪ್ಪ ತಕ್ಕಡಿ ಕೆಳಗಿಟ್ಟ.

“ಒಂದ ಗಳಿಗಿ ತಾಳಣ್ಣಾ, ಬರ್ತೇನಿ,” ಎಂದು ಸಾವಕಾರರ ಮನೆ ಕಡೆ ಹೋದವನು ಮುಖ ಗಂಭೀರ ಮಾಡಿಕೊಂಡು ಬಂದ. “ಹೌದ ನೋಡಣ್ಣಾ, ಭಾಳ ಕೆಟ್ಟ ಐತಂತ. ಜೀವ ಇದ್ರ ಕಲಕತ್ತಾ. ಹರಕಿ ಐತಂತ ಹೇಳಿ ಬಿಡಿಸಿಕೋ.”

ಗುರುಲಿಂಗಪ್ಪ ಸಾವಕಾರರ ಮುಂದೆ ಕೈಮುಗಿದು ನಿಂತ.

“ಶ್ರಾವಣದಾಗ ನೆಲಾ ಬಿಡಂಗಿಲ್ಲಂತ ಹರಕಿ ಐತ್ರಿ.”

“ಜೀಪ ಹತ್ತಿದ್ರ ನೆಲಾ ಬಿಟ್ಟಂಗಲ್ಲೇನು?”

“ಗಾಲಿ ನೆಲದ ಮ್ಯಾಲ ಇರತಾವಲ್ರಿ.”

ಸಾವಕಾರರು ಬಾಗಿಲಲ್ಲಿ ನಿಂತಿದ್ದ ಯಂಕಪ್ಪನ ಕಡೆ ತಿರುಗಿದರು. “ದೇವರ ಮಾತಿಗೆ ನಾ ಅಡ್ಡ ಬರಂಗಿಲ್ಲ. ಯಂಕಪ್ಪಾ, ನೀ ಹೊಂಡು.”

ಸಂಜೆ ಗುರುಲಿಂಗಪ್ಪ ಹಗುರಾದ ಎದೆಯಿಂದ ಜೀಪನ್ನು ಸಾವಕಾರರ ಬಾಗಿಲಿಗೆ ತಂದು ನಿಲ್ಲಿಸಿದ. ಯಂಕಪ್ಪ ಹೊರಗೆ ಬಂದ. ಮೈಮೇಲೆ ಮದುವೆಯ ಕೋಟು, ಒಂದು ಕೈಯಲ್ಲಿ ಸಾವಂತ್ರವ್ವನ ತಂಬಿಗೆ, ಇನ್ನೊಂದರಲ್ಲಿ ಹೊನ್ನವ್ವನ ರೊಟ್ಟಿಯ ಗಂಟು. ಗುರುಲಿಂಗಪ್ಪ ಅವನ ಕೋಟಿನ ತೋಳು ಹಿಡಿದ.

“ಗೊತ್ತಿದ್ದೂ ಯಾಕ ಹೊಂಟ್ಯೋ?”

“ಗೊತ್ತಾದದ್ದಕ್ಕ ಹೊಂಟೇನಿ,” ಎಂದ ಯಂಕಪ್ಪ. “ಜೋಶಿ ಸಾಹೇಬ್ರನ್ನ ನಾ ಕೇಳಿದ್ನಿ. ವಿಮಾನ ಬಂಗಾರದಂಥಾದಂತ. ಊಟದಾಗ ಅವರು ಬೈದದ್ದು ನಿನ್ನ ಜೀಪಿಗಣ್ಣಾ.”

ಗುರುಲಿಂಗಪ್ಪ ಜೀಪಿನೊಳಗೆ ಬಗ್ಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಹಿಂದೆ ಕೂತವರು ಕಾಲಿಡುವ ಜಾಗವನ್ನು ನೋಡಿದ. ಅಂಗೈಯಗಲದ ತೂತು. ತೂತಿನಲ್ಲಿ ಇಂಡಿಯ ಕರಿನೆಲ.

ಆದರೂ ಸ್ಟೇಷನ್ನಿಗೆ ಆರು ಮೈಲಿ ದಾರಿ ಇತ್ತು. ಕಾಲು ಹಿಡಿದಾದರೂ ವಿಮಾನದಲ್ಲಿ ಕಳೆದುಕೊಂಡ ಜಾಗ ತಿರುಗಿ ಪಡೆಯಲು ಅಷ್ಟು ಸಾಕು. ಹೆಗಲ ಮೇಲಿನ ವಸ್ತ್ರದಿಂದ ಹಿಂದಿನ ಸೀಟು ಒರೆಸಿ, ತೂತಿನ ಮೇಲೆ ಒಂದು ಗೋಣಿಚೀಲ ಹಾಸಿ, ಪೈಲಟರ ಎದುರು ಬಾಗಿ ನಿಂತ.

“ಹತ್ರಿ ಸಾಹೇಬ್ರ. ದಾರ್ಯಾಗ ನಂದೊಂದ ಅರ್ಜಿ ಐತಿ.”

ಬಸಂತರಾಯ ಜೋಶಿಯ ಮುಖ ನೋಡಿದ. ಜೋಶಿ ಗೋಣಿಚೀಲವನ್ನು ನೋಡಿ, ತನ್ನ ಚೀಲವನ್ನು ಹೆಗಲಿಗೇರಿಸಿದ.

“ಇಲ್ಲ,” ಎಂದ. “ನಾವು ನಡಕೊಂತ ಹೋಗ್ತೇವಿ.”