ಮಗಳನ್ನು ಎಕಂಬಾಕ್ಕೆ ಮುಟ್ಟಿಸಿದ್ದು

ಮಗಳನ್ನು ಎಕಂಬಾಕ್ಕೆ ಮುಟ್ಟಿಸಿ ಬರುವುದು ನನಗೆ ಒಂದು ಕೆಲಸವೇ ಅಲ್ಲ ಎಂದು ನಾನು ಮನೆಯಲ್ಲಿ ಘೋಷಿಸಿದೆ. ಘೋಷಿಸಿದ್ದು ಊಟಕ್ಕೆ ಕೂತಾಗ. ಊಟಕ್ಕೆ ಕೂತಾಗ ನನಗೆ ಯಾವುದೂ ಕೆಲಸ ಅನ್ನಿಸುವುದಿಲ್ಲ.

ನಮ್ಮ ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಹಳ್ಳಿಗಳಲ್ಲಿ ಕನ್ನಡ ಶಾಲೆ ತೆರೆಯುತ್ತಿದ್ದರು, ಕಲಿಸುವವರು ಸಿಗುತ್ತಿರಲಿಲ್ಲ. ನನ್ನ ಮಗಳು ಮಹಾನಂದಾ ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಓದಿದವಳು. ಅವಳಿಗೆ ಔರಾದ್ ತಾಲೂಕಿನ ಎಕಂಬಾದಲ್ಲಿ ಉಪಾಧ್ಯಾಯಿನಿಯ ನೌಕರಿ ಸಿಕ್ಕಿತು. ಸೋಮವಾರ ಶಾಲೆ ಬಿಡುವುದರೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಹೇಳಿ ಕಳಿಸಿದ್ದರು.

ನಾನು ನಿಜಾಮರ ಕಾಲದ ಗಿರ್ದಾವರ್. ಅಂದರೆ ಕಂದಾಯ ಇಲಾಖೆಯ ಪರವಾಗಿ ಊರೂರು ತಿರುಗಿ ಹೊಲ, ಬೆಳೆ, ಗಡಿ ನೋಡುತ್ತಿದ್ದವನು. ಈಗ ನಿವೃತ್ತ. ಆದರೂ ಓಣಿಯವರೆಲ್ಲ ಗಿರ್ದಾವರ್ ಸಾಹೇಬರು ಅಂತಲೇ ಕರೆಯುತ್ತಾರೆ. ನಾನೇ ಹಾಗೆ ಕರೆಯಲು ಹೇಳಿದ್ದೇನೆ.

ಹೊರಗೆ ಇಷ್ಟು ಗತ್ತಿದ್ದರೂ ಒಳಗೆ ನನ್ನ ಎದೆ ತೊಗರಿಬೇಳೆಯಂತೆ ಕುದಿಯುತ್ತಿತ್ತು. ಒಬ್ಬಳೇ ಹುಡುಗಿ. ಕಾಣದ ಊರು. ಅಲ್ಲಿಯ ಬಾವಿಗೆ ಕಟ್ಟೆ ಇದೆಯೋ ಇಲ್ಲವೋ? ಚೇಳು ಇದ್ದರೆ? ಜ್ವರ ಬಂದರೆ? ಕತ್ತಲಾದರೆ? (ಕತ್ತಲಂತೂ ಖಂಡಿತ ಆಗುತ್ತದೆ!) ಒಂದೊಂದು ಹೆದರಿಕೆ ಹುಟ್ಟಿದಾಗಲೂ ನಾನು ಒಂದೊಂದು ಸಾಮಾನು ತಂದೆ. ಬಾವಿಗೆ ಹಗ್ಗ, ಕತ್ತಲಿಗೆ ಕಂದೀಲು, ಚಳಿಗೆ ಎರಡು ಕೌದಿ, ಚೇಳಿಗೆ ಸುತ್ತಿಗೆ, ನೋವಿಗೆ ಎಣ್ಣೆ, ಒಲೆ ಹೊತ್ತದಿದ್ದರೆ ಸ್ಟೋವು. ಇವನ್ನೆಲ್ಲ ತುಂಬಲು ಹಳೆ ಸಾಮಾನಿನ ಬಜಾರದಲ್ಲಿ ಸಿಪಾಯಿಗಳು ಬೆನ್ನಿಗೆ ಹಾಕುವ ಒಂದು ಕ್ಯಾನ್ವಾಸ್ ಚೀಲವನ್ನೂ ಕೊಂಡೆ.

ಹೆಂಡತಿ ಕಾಶಮ್ಮ ಚೀಲದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಇದೇನ್ರಿ, ಮನಿ ಪೂರಾ ಕಟ್ಟೀರಿ? ಇದನ್ನ ಯಾರು ಹೊರೋರು?"

"ನಾನ!"

"ನೀವ್ ನಿನ್ನಿ ಕೊಡ ಎತ್ತೂ ಮುಂದ ಸೊಂಟ ಹಿಡ್ಕೊಂಡ್ ಕೂತಿದ್ರಿ."

ನಮ್ಮ ಮನೆ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನ ಹತ್ತಿರ. ತೊಗರಿ ಚೀಲ ಹೊತ್ತು ಓಡುವ ಹಮಾಲರನ್ನು ನಾನು ದಿನಾ ನೋಡುತ್ತಿದ್ದೆ. ನೋಡಿ ನೋಡಿಯೇ ನನಗೆ ಅಭ್ಯಾಸವಾಗಿತ್ತು.

"ಔರಾದ್ ತನ ಬಸ್ಸಿಗಿ ಹೋಗ್ರಿ. ಅಲ್ಲಿಂದ ಬಂಡಿ ಸಿಗ್ತಾವ," ಎಂದಳು ಕಾಶಮ್ಮ.

"ಬಂಡಿ ಎಷ್ಟೊತ್ತಿಗಿ ಹೊಂಡ್ತದೋ ಏನೋ! ಅಷ್ಟರಾಗ ಸಾಲಿ ಮುಚ್ಚತದ. ನಂಗ ಗುಡ್ಡದ ಅಡ್ಡದಾರಿ ಗೊತ್ತದ. ಅಲ್ಲಿ ಒಂದೊಂದು ಕಲ್ಲೂ ನನ್ನ ಗುರ್ತ ಹಿಡೀತದ."

ಇಲ್ಲಿ ಓದುಗರಿಗೆ ಒಂದು ಸತ್ಯ ಹೇಳಬೇಕು. ಆ ಗುಡ್ಡಗಳನ್ನು ನಾನು ಅನೇಕ ಸಲ ದಾಟಿದ್ದೆ, ನಿಜ. ಆದರೆ ಸರ್ಕಾರಿ ಕಮಾನು ಬಂಡಿಯಲ್ಲಿ, ಮಲಗಿಕೊಂಡು. ಕಲ್ಲುಗಳು ನನ್ನ ಗುರುತು ಹಿಡಿಯುವುದಾದರೆ ಗೊರಕೆಯಿಂದಲೇ ಹಿಡಿಯಬೇಕು!

ಸೋಮವಾರ ಮುಂಜಾನೆ ಬಸ್ಸು ಹತ್ತಿದೆವು. ಹತ್ತುವುದು ಸುಲಭವಾಯಿತು, ಏಕೆಂದರೆ ಚೀಲವನ್ನು ಇಬ್ಬರು ಎತ್ತಿ ಬಸ್ಸಿನ ಟಪ್ಪಿನ ಮೇಲೆ ಹಾಕಿದರು. ಔರಾದ್ ಬರುವ ಮೊದಲೇ ಒಂದು ತಿರುವಿನಲ್ಲಿ ಇಳಿದೆವು. ಕಂಡಕ್ಟರ್ ನನ್ನ ಬೆನ್ನಿಗೆ ಚೀಲ ಏರಿಸಿ, "ಅಜ್ಜಾ, ಎಲ್ಲಿಗಿ? ಕಾಶೀಗೇನು?" ಎಂದ.

ಅಜ್ಜಾ! ನನಗೆ ಎಷ್ಟು ಸಿಟ್ಟು ಬಂತೆಂದರೆ ಮೊದಲ ಏರನ್ನು ಆ ಸಿಟ್ಟಿನಲ್ಲೇ ಏರಿದೆ. ಎರಡನೇ ಏರಿಗೆ ಸಿಟ್ಟು ಸಾಲಲಿಲ್ಲ.

ಕೆಂಪು ಕಲ್ಲಿನ ಬೋಳು ಗುಡ್ಡ. ಕಾಲಡಿಗೆ ಗರಸು ಕಲ್ಲು ಜಾರುತ್ತಿತ್ತು. ಉಸಿರು ಸಿಗದಾದಾಗ ನಾನು ನಿಂತು, "ನೋಡು ಮಹಾನಂದಾ, ಎಷ್ಟು ಛಂದ ಕಾಣ್ತದ!" ಎನ್ನುತ್ತಿದ್ದೆ. ಅವಳು ನೋಡುತ್ತಿದ್ದಳು. ನಾನು ತೋರಿಸಿದ ಕಡೆ ಒಂದು ಜಾಲಿಗಿಡ ಇರುತ್ತಿತ್ತು.

"ಅಪ್ಪಾ, ಚೀಲ ನಂಗ ಕೊಡ್ರಿ."

"ಛೇ ಛೇ!"

"ದಾರಿ ಯಾರಿಗರ ಕೇಳೋಣ್ರಿ?"

"ಗಿರ್ದಾವರ್ ಆದವ ಮಂದಿಗಿ ದಾರಿ ಕೇಳಬೇಕೇನು? ಮಂದಿ ನನಗ ಕೇಳಬೇಕು!"

ದಾರಿ ಎರಡಾದ ಒಂದು ಕಡೆ ಅವಳು ತಂಬಿಗೆ ತೆಗೆದುಕೊಂಡು ಕೆಳಗಿನ ಒರತೆಯಿಂದ ನೀರು ತರಲು ಇಳಿದಳು. ನಾನು ಒಬ್ಬನೇ ನಿಂತೆ. ಎದುರಿಗೆ ಹೊಸದಾಗಿ ಬಣ್ಣ ಬಳಿದ ಒಂದು ಬೋರ್ಡು ಇತ್ತು.

ಮೊದಲು ಇಂಥ ಬೋರ್ಡುಗಳ ಮೇಲೆ ಉರ್ದು ಇರುತ್ತಿತ್ತು. ಈಗ ಹೊಸ ಸರ್ಕಾರ, ಹೊಸ ಅಕ್ಷರ. ನಾನು ಮಾತಾಡುವುದು ಕನ್ನಡ, ಬೈಯುವುದು ಕನ್ನಡ, ಕನಸು ಕಾಣುವುದೂ ಕನ್ನಡ. ಅಕ್ಷರ ಮಾತ್ರ ಉರ್ದು! ಆದರೆ ರಾಜ್ಯ ಸೇರಿದ ಮೇಲೆ ನಾನೂ ಕನ್ನಡ ಓದಲು ಕಲಿತೆನೆಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಮುಂಜಾನೆ ಕನ್ನಡ ಪತ್ರಿಕೆ ಹಿಡಿದು ಕೂತು, ಸ್ವಲ್ಪ ಹೊತ್ತಾದ ಮೇಲೆ, "ಎಲ್ಲಾ ತುಟ್ಟಿ ಆಗ್ಯದ," ಎನ್ನುತ್ತಿದ್ದೆ. ಯಾವ ದಿನ ಹೇಳಿದರೂ ಅದು ಖರೇನೇ ಆಗಿರುತ್ತಿತ್ತು.

ನಿಜವಾಗಿ ನಾನು ಕಲಿತ ಅಕ್ಷರಗಳು ಕೆಲವೇ. ಅವುಗಳಲ್ಲಿ 'ಬಾ' ಒಂದು. ನಾನು ಗಂಭೀರವಾಗಿ ವಿಚಾರ ಮಾಡಿದೆ. ಎಕಂಬಾ ಎನ್ನುವ ಹೆಸರಿನಲ್ಲಿ 'ಬಾ' ಇರಲೇಬೇಕು. ಬೋರ್ಡಿನಲ್ಲಿಯೂ ಒಂದು 'ಬಾ' ಇತ್ತು. ಬೋರ್ಡಿನ ಕಂಬ ಎಡಕ್ಕೆ ವಾಲಿತ್ತು. ಇನ್ನೇನು ಬೇಕು!

ಮಗಳು ನೀರು ತಂದಳು. ಅವಳು ಬಂದ ದಿಕ್ಕಿಗೆ ಬೋರ್ಡಿನ ಬೆನ್ನಿತ್ತು.

"ಏನ್ ಬರದಾರ್ರಿ ಅಪ್ಪಾ?"

"ಎಕಂಬಾ. ಎಡಕ್ಕ. ನಡಿ ಜಲ್ದಿ!"

ನಡೆದೆವು. ಗುಡ್ಡ ಯಾವಾಗಲೂ ನಮ್ಮ ಬಲಗಡೆಗೇ ಇತ್ತು. ಅದು ನಮ್ಮನ್ನು ಬಿಟ್ಟು ಹೋಗಲೂ ಇಲ್ಲ, ನಾವು ಅದನ್ನು ಬಿಟ್ಟು ಹೋಗಲೂ ಇಲ್ಲ. ಹೊತ್ತು ಏರಿ ಇಳಿಯತೊಡಗಿತು. ಮಗಳು ಮೇಲಿಂದ ಮೇಲೆ ಸೂರ್ಯನನ್ನು ನೋಡುವುದು ಕಂಡು ನಾನು ಹೆಜ್ಜೆ ಜೋರು ಮಾಡಿದೆ. ಅಷ್ಟರಲ್ಲಿ ದೂರದಲ್ಲಿ ಏನೋ ಕಂಡಿತು.

"ಹೇಳಿದ್ದಿಲ್ಲೇನು? ಇನ್ನೊಂದು ಬೋರ್ಡ್ ಬಂತು ನೋಡು! ಹೊಸ ಸರ್ಕಾರದ ಕೆಲಸ ಎಷ್ಟು ಚೊಕ್ಕ ಅದ!"

ಈ ಸಲ ಬೋರ್ಡಿನ ಮುಖ ನಮ್ಮ ಕಡೆಗಿತ್ತು. ಕಂಬ ಎಡಕ್ಕೆ ವಾಲಿತ್ತು. ಅದರ ಬುಡದ ಮಣ್ಣಿನಲ್ಲಿ ನಮ್ಮ ತಂಬಿಗೆ ಊರಿದ ದುಂಡನೆಯ ಗುರುತು ಇತ್ತು.

ಮಹಾನಂದಾ ಓದಿದಳು. ಶಾಲೆಯಲ್ಲಿ ಓದುವ ಹಾಗೆ, ಸ್ಪಷ್ಟವಾಗಿ: "ಈ ಗುಡ್ಡದಲ್ಲಿ ಮೇಕೆ ಬಿಡಬಾರದು."

"ಅಪ್ಪಾ."

"ಏನವ್ವಾ?"

"ನಾವೇನ್ ಮೇಕಿ ಇದ್ದೇವೇನ್ರಿ?"

"ಅಕ್ಷರ ಸಣ್ಣಾವ ಇದ್ದವು..."

"ಒಂದೊಂದು ಅಕ್ಷರ ರೊಟ್ಟಿ ಅಷ್ಟು ಅದಾವ! ನಿಮಗ ಕನ್ನಡ ಓದಾಕ ಬರಾಂಗಿಲ್ಲೇನ್ರಿ?"

"ಬರ್ತದ. ಸ್ವಲ್ಪ ಬರ್ತದ. ಬಾ ಬರ್ತದ."

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಂದು ಕಲ್ಲಿನ ಮೇಲೆ ಕೂತು, "ಸಾಲಿ ಬಿಡೂ ಹೊತ್ತಾತ್ರಿ ಅಪ್ಪಾ. ನನ್ನ ನೌಕರಿ ಹೋಯ್ತು," ಎಂದಳು. ಬೈದಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ಆಗ ನನ್ನ ಗಾಬರಿ ನನ್ನಿಂದ ಅಂದಿನ ಅತ್ಯಂತ ದೊಡ್ಡ ಕೆಲಸ ಮಾಡಿಸಿತು. ದಾರಿ ಬಿಟ್ಟು ನೇರ ಗುಡ್ಡದ ಇಳಿಜಾರಿಗೆ ಕಾಲಿಟ್ಟೆ. "ಹಿಂಗ ಇಳದ್ರ ಊರಾಗೇ ಬೀಳ್ತೇವಿ!" ಎಂದು ಕೂಗಿದೆ. ಆ ಮಾತಿನ ಅರ್ಧ ನಿಜವಾಯಿತು. ಬಿದ್ದೆ.

ಮೊದಲು ಕೂತೆ. ಕೂತವನು ಹಾಗೆಯೇ ಜಾರತೊಡಗಿದೆ. ನನ್ನ ಹಿಂದೆ ಸ್ಟೋವು, ಸುತ್ತಿಗೆ, ಕಂದೀಲು ಬಾಜಾಬಜಂತ್ರಿ ಬಾರಿಸಿದವು. ಒಂದು ಕಾರೆ ಕಂಟಿ ಕರುಣೆಯಿಂದ ನನ್ನನ್ನು ತಡೆಯಿತು. ಕಾರೆಯ ಕರುಣೆಯೂ ಮುಳ್ಳೇ. ಬೆನ್ನ ಮೇಲೆ ಏನೋ ಬೆಚ್ಚಗೆ ಹರಿಯಿತು. ಕೈ ಹಾಕಿ ನೋಡಿದೆ. ಕೆಂಪು! ಅಷ್ಟೇ ಅಲ್ಲ, ಬೆನ್ನು ಬೆಂಕಿಯಂತೆ ಉರಿಯುತ್ತಿತ್ತು.

ಮಹಾನಂದಾ ಓಡಿ ಬಂದಳು.

"ಮಹಾನಂದಾ, ಅಳಬ್ಯಾಡ," ಎಂದೆ. ಅವಳು ಇನ್ನೂ ಅತ್ತಿರಲಿಲ್ಲ. ನಾನು ಹೇಳಿದ ಮೇಲೆ ಅತ್ತಳು. "ನಂದು ಮುಗೀತು. ನಿಮ್ಮವ್ವಗ ಹೇಳು, ಆಕಿ ಮಾತ್ ಕೇಳಬೇಕಾಗಿತ್ತು ಅಂತ. ನೀ ಹೋಗಿ ನೌಕರಿಗಿ ಹಾಜರಾಗು. ನನ್ನ ಫಿಕರ್ ಮಾಡಬ್ಯಾಡ."

ಅವಳು ಅಳುತ್ತಲೇ ನನ್ನ ಬೆನ್ನಿನ ಚೀಲ ಇಳಿಸಿದಳು. ಅಂಗಿ ಎತ್ತಿದಳು. ಅಳು ತಟ್ಟನೆ ನಿಂತಿತು.

"ಅಪ್ಪಾ."

"ಬಾಳ ಆಳ ಆಗ್ಯದೇನವ್ವಾ?"

"ನಿಮ್ಮ ಬೆನ್ನಾಗ ಮಾವಿನಕಾಯಿ ಹೋಳ ಅದ."

ನಾವು ಹೊರಡುವಾಗ ಕಾಶಮ್ಮ ಕೊಟ್ಟಿದ್ದ ಉಪ್ಪಿನಕಾಯಿ ಭರಣಿ! ಸುತ್ತಿಗೆ ಅದರ ಮೇಲೆ ಕೂತು ಒಡೆದಿತ್ತು. ಮುಳ್ಳು ಗೀರಿದ ಬೆನ್ನಿಗೆ ಖಾರದ ಎಣ್ಣೆ ಇಳಿದಿತ್ತು. ಬಿದ್ದಾಗಿನಿಂದ ಮೂಗಿಗೆ ಮೆಂತ್ಯ, ಇಂಗಿನ ವಾಸನೆ ಬರುತ್ತಿದ್ದದ್ದು ನಿಜ. ಆದರೆ ಸಾಯುವಾಗ ಯಾವ ವಾಸನೆ ಬರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಅವಳು ನಕ್ಕಳು. ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಸ್ವಾಭಿಮಾನದಿಂದ ಎದ್ದು ನಿಂತೆ. ಕೂಡಲೇ ಕೂತೆ. ಎಡಗಾಲಿನ ಹರಡು ನಿಜವಾಗಿಯೂ ಉಳುಕಿತ್ತು.

ಮುಂದೆ ನಡೆದದ್ದಕ್ಕೆ ನನ್ನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಚೀಲವನ್ನು ತನ್ನ ಬೆನ್ನಿಗೆ ಏರಿಸಿದಳು, ನನ್ನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ನಾನು ಒಂಟಿಗಾಲಲ್ಲಿ ಕುಪ್ಪಳಿಸಿದೆ. ಕೆಳಗೆ ತೊಗರಿ ಹೊಲದಲ್ಲಿ ಒಬ್ಬ ಹೆಂಗಸು ಕಂಡಳು.

"ಯಕ್ಕಾ, ಎಕಂಬಾ ಯಾ ಕಡೀರಿ?" ಎಂದು ಮಗಳು ಕೂಗಿದಳು.

"ಇದು ಎಕಂಬಾದ ಹೊಲನೇ ರೀ! ಆ ಬೇವಿನ ಗಿಡ ದಾಟ್ರಿ, ಊರು ಬಂತು!"

ನಾವು ಶಾಲೆ ಮುಟ್ಟಿದಾಗ ಮಕ್ಕಳು ಚೀಲ ಹೆಗಲಿಗೆ ಹಾಕಿ ಹೊರಗೆ ಓಡಿ ಬರುತ್ತಿದ್ದರು. ಹೆಡ್ ಮಾಸ್ತರರು ಬಾಗಿಲಿಗೆ ಬೀಗ ಹಾಕಲು ಕೈ ಎತ್ತಿದ್ದರು. ಮಗಳು ಅಂಗಳದಿಂದಲೇ, "ಸರ್, ನಿಲ್ರಿ! ನಾ ಬಂದೇನಿ!" ಎಂದು ಚೀರಿದಳು. ಬೀಗ ಕೆಳಗಿಳಿಯಿತು. ನನ್ನ ಜೀವ ಮೇಲೆ ಬಂತು.

"ನೀವೇ ಹೊಸಾ ಅಕ್ಕೋರೇನ್ರಿ? ಬರ್ರಿ, ಬರ್ರಿ. ಇವರು ಯಾರ್ರಿ?"

"ನಮ್ಮ ತಂದೆಯವರ್ರಿ. ನನ್ನ ಮುಟ್ಟಸಾಕ ಬಂದಾರ."

ಮಾಸ್ತರರು ಅವಳ ಬೆನ್ನಿನ ಚೀಲ ನೋಡಿದರು. ನನ್ನ ಕಾಲು ನೋಡಿದರು. ಕೆಂಪಾದ ಅಂಗಿ ನೋಡಿ ಒಮ್ಮೆ ಉಸಿರೆಳೆದುಕೊಂಡರು. ಮೆಂತ್ಯದ ವಾಸನೆ ಅವರ ಮೂಗಿಗೂ ಹೋಗಿರಬೇಕು.

"ಹಂಗೇನ್ರಿ," ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳದ ಆ ದೊಡ್ಡ ಮನುಷ್ಯನಿಗೆ ನಾನು ಇವತ್ತಿಗೂ ಋಣಿ.

ಮಗಳಿಗೆ ಒಂದು ಅಂಕಣದ ಮನೆ ಕೊಟ್ಟರು. ಅದರಲ್ಲಿ ಹಾಸಿಗೆ ಹಿಡಿದವನು ನಾನು. ನೋವಿನ ಎಣ್ಣೆ ನನಗೆ ಹಚ್ಚಿದಳು, ಎರಡೂ ಕೌದಿ ನನಗೇ ಹೊದಿಸಿದಳು. ಬಾವಿಗೆ ಗಟ್ಟಿಯಾದ ಕಟ್ಟೆ ಇತ್ತು. ಚೇಳು ಬರಲಿಲ್ಲ. ಮುಂಜಾನೆ ಎದ್ದು ರೊಟ್ಟಿ ಬಡಿದು ನನಗೆ ಉಣ್ಣಿಸಿ ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಂದು ನನ್ನ ಕೈಗೆ ಪಾಟಿ ಕೊಟ್ಟು, 'ಬಾ' ಬಿಟ್ಟು ಉಳಿದ ಅಕ್ಷರಗಳನ್ನು ತಿದ್ದಿಸುತ್ತಿದ್ದಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಪಾಪ, ಅಕ್ಕೋರು! ಇಂಥ ಅಪ್ಪನ್ನ ಊರಾಗ ಬಿಡಾಕ ಮನಸಾಗಲ್ದ ಕರ್ಕೊಂಡೇ ಬಂದಾರ," ಎನ್ನುತ್ತಿದ್ದರು. ಅವರಿಗೆ ನಿಜ ಸಂಗತಿ ತಿಳಿಸಬೇಕೆಂದು ಬಾಯಿ ತೆರೆಯುತ್ತಿದ್ದೆ. ನಿಜ ಸಂಗತಿ ಇನ್ನೂ ಕೆಟ್ಟದಾಗಿತ್ತು. ಬಾಯಿ ಮುಚ್ಚುತ್ತಿದ್ದೆ.

ನಾನು ಮರಳಿ ಬರಲಿಲ್ಲವೆಂದು ಗಾಬರಿಯಾಗಿ ಆ ವಾರದ ಕೊನೆಗೆ ಕಾಶಮ್ಮ ಬಂದಳು. ಒಬ್ಬಳೇ! ಕೈಯಲ್ಲಿ ಒಂದು ಸಣ್ಣ ಗಂಟು. ಮುಖದಲ್ಲಿ ಬೆವರಿಲ್ಲ, ಸೀರೆಗೆ ಧೂಳಿಲ್ಲ. ಮುಂಜಾನೆ ಬೀದರ್ ಬಿಟ್ಟವಳು ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಎಕಂಬಾದಲ್ಲಿದ್ದಳು. ಆಕೆ ಹುಟ್ಟಿದಾಗಿನಿಂದ ಔರಾದ್ ಕಡೆ ಕಾಲಿಟ್ಟವಳಲ್ಲ.

ನಾನು ದಂಗಾಗಿ, "ನೀ ಹ್ಯಾಂಗ ಬಂದಿ?" ಎಂದೆ.

"ಹ್ಯಾಂಗಂದ್ರ? ಮಂದಿಗಿ ಕೇಳಿದೆ, ಬಂದೆ."

ಮಗಳು ಒಲೆಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು.

ಮರುದಿನ ನನ್ನನ್ನು ಒಂದು ಬಂಡಿಯಲ್ಲಿ ಕೂರಿಸಿದರು. ಹುಲ್ಲು ಹಾಸಿ, ಕಾಲ ಕೆಳಗೆ ತಲೆದಿಂಬು ಇಟ್ಟು, ಮಗಳು ಬಂಡಿಯವನಿಗೆ, "ಸಾವಕಾಶ ಹೊಡೀರಿ. ಹಾದ್ಯಾಗ ಇವರು ಇಳೀತೇನಿ ಅಂದ್ರ ಇಳಸಬ್ಯಾಡ್ರಿ," ಎಂದಳು. ಅವಳೊಬ್ಬಳನ್ನೇ ಬಿಟ್ಟು ಹೋಗಬೇಕಲ್ಲ ಎಂದು ನನ್ನ ಎದೆ ಮತ್ತೆ ಕುದಿಯಿತು. ಅವಳ ಮುಖ ನೋಡಿದೆ. ಅವಳ ಎದೆಯೂ ಕುದಿಯುತ್ತಿತ್ತು, ಆದರೆ ನನ್ನ ಸಲುವಾಗಿ!

ಬಂಡಿಯವನು ಹಗ್ಗ ಹಿಡಿದು ಹಿಂದೆ ತಿರುಗಿ, "ಯಾ ಕಡಿಂದ ಹೋಗೋಣ್ರಿ ಸಾಹೇಬ್ರ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ನಾನು ಗಂಟಲು ಸರಿಪಡಿಸಿಕೊಂಡೆ.

"ನೀವ್ ಸುಮ್ಮ ಕೂಡ್ರಿ!" ಎಂದರು ತಾಯಿ ಮಗಳು, ಒಂದೇ ದನಿಯಲ್ಲಿ.

ಸುಮ್ಮನೆ ಕೂತೆ.